ಕಂಡದ್ದು, ಅಂದುಕೊಂಡದ್ದು

ಕಣ್ಣಿನ ಆಸ್ಪತ್ರೆಯ ನೆಲಮಹಡಿಯ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದ ಟೆಕ್ನಿಷಿಯನ್ನನ್ನು ಎಲ್ಲರೂ ಬೂಷ್ಟಕ್ಕ ಎಂದೇ ಕರೆಯುತ್ತಿದ್ದರು. ಆ ಹೆಸರನ್ನು ಮೊದಲು ಇಟ್ಟವರು ಯಾರೆಂದು ಯಾರಿಗೂ ನೆನಪಿರಲಿಲ್ಲ. ಅವಳಿಗೂ ಬೇಸರವಿರಲಿಲ್ಲ, ಫೋನೆತ್ತಿದರೆ ತಾನೇ "ಬೂಷ್ಟಕ್ಕ ಮಾತಾಡ್ತಿರೋದು, ಹೇಳಿ" ಎನ್ನುತ್ತಿದ್ದಳು. ರೋಗಿಗಳ ಕಣ್ಣಿನಿಂದ ಕೆರೆದು ತಂದ ಕಣದಷ್ಟು ಮಾದರಿಯನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುವುದು, ಅಲ್ಲಿ ಏನು ಮೂಡಿತೆಂದು ನೋಡಿ ಹೇಳುವುದು ಅವಳ ಕೆಲಸ. ಬೆಳಿಗ್ಗೆ ಎಂಟಕ್ಕೆ ಬೆಚ್ಚನೆಯ ಪೆಟ್ಟಿಗೆಯ ಬಾಗಿಲು ತೆಗೆದು, ಒಂದೊಂದೇ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಮೂಸಿ ನೋಡದೆಯೇ ಮೂಗಿಗೆ ಬಂದದ್ದನ್ನು ಗಮನಿಸಿ, ಅರ್ಧ ಉತ್ತರವನ್ನು ಅಲ್ಲೇ ಕಂಡುಕೊಳ್ಳುತ್ತಿದ್ದಳು. ಮಿಕ್ಕರ್ಧ ಸೂಕ್ಷ್ಮದರ್ಶಕದಲ್ಲಿ.

ಕಂಡದ್ದನ್ನು ಬರೆಯುವುದು ಮಾತ್ರ ಒಂದೇ ಪದದಲ್ಲಿ. ರಿಜಿಸ್ಟರಿನ ಕೊನೆಯ ಅಂಕಣದಲ್ಲಿ ಒಂದೋ ಬ್ಯಾಕ್ಟೀರಿಯಾದ ಹೆಸರು, ಇಲ್ಲವೇ "ಬೆಳೆದಿಲ್ಲ", ಅದೂ ಇಲ್ಲವೆಂದರೆ "ಕಂಟಾಮಿನೆಂಟ್". ಅಂದರೆ ರೋಗಿಯ ಕಣ್ಣಿನದಲ್ಲ, ಗಾಳಿಯಿಂದಲೋ ಯಾರದೋ ಕೈಯಿಂದಲೋ ಬಂದು ಸೇರಿಕೊಂಡ ಕಸ, ತಲೆ ಕೆಡಿಸಿಕೊಳ್ಳಬೇಡಿ ಎಂದರ್ಥ. ಉದ್ದುದ್ದ ಹೆಸರುಗಳು ಅವಳ ನಾಲಿಗೆಯ ಮೇಲೆ ಮಗ್ಗಿಯಂತೆ ಉರುಳುತ್ತಿದ್ದವು. ಆದರೆ ಆ ಹೆಸರಿನ ಹಿಂದೆ ಮುಂದೆ ನಾಲ್ಕು ಇಂಗ್ಲಿಷ್ ಪದ ಜೋಡಿಸಿ ವಾಕ್ಯ ಮಾಡು ಎಂದರೆ ಪೆನ್ನು ಅಲ್ಲೇ ನಿಲ್ಲುತ್ತಿತ್ತು.

ಅಂಥವಳ ಮೇಜಿನ ಮೇಲೆ ಒಂದು ದಿನ ಸುತ್ತೋಲೆ ಬಂದು ಬಿತ್ತು. ಇನ್ನು ಮುಂದೆ ಹೊರಗಿನ ದೊಡ್ಡ ಪ್ರಯೋಗಾಲಯವೊಂದು ಆಸ್ಪತ್ರೆಯ ವರದಿಗಳನ್ನು ಪರಿಶೀಲಿಸುತ್ತದೆ. ಆದ್ದರಿಂದ ಬರುವ ತಿಂಗಳಿನಿಂದ ತಟ್ಟೆಯಲ್ಲಿ, ಗಾಜಿನ ಪಟ್ಟಿಯಲ್ಲಿ ಕಂಡದ್ದನ್ನೆಲ್ಲ ಇಂಗ್ಲಿಷಿನಲ್ಲಿ ಪೂರ್ಣ ವಾಕ್ಯಗಳಲ್ಲಿ ಬರೆಯಬೇಕು. ಸಾಲದ್ದಕ್ಕೆ ಹೊಸಬರಿಗಾಗಿ ಒಂದು ಕೈಪಿಡಿ ತಯಾರಾಗುತ್ತಿದೆ; ಅದರ ಮೊದಲ ಪುಟ, ಅಂದರೆ ಮೈಕ್ರೋಬ್ ಎಂದರೇನು ಎಂಬುದು, ಹಿರಿಯ ಟೆಕ್ನಿಷಿಯನ್ ಪಾಲಿಗೆ.

ಲ್ಯಾಬಿನ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ದೊಡ್ಡ ಡಾಕ್ಟರು, ಮಾತು ಕಡಿಮೆಯ ಹೆಂಗಸು. ಬೂಷ್ಟಕ್ಕ ಸುತ್ತೋಲೆ ಹಿಡಿದು ಅವರ ಕೋಣೆಗೆ ಹೋದಳು.

"ಮೇಡಂ, ನಾನು ಬಾಯಲ್ಲಿ ಹೇಳ್ತೀನಿ. ಬರೆಯೋದನ್ನ ಬೇರೆ ಯಾರಿಗಾದ್ರೂ ಕೊಡಿ."

"ನೋಡೋರು ನೀವು, ಬರೆಯೋರು ಇನ್ಯಾರೋ ಆದ್ರೆ ಹೇಗಕ್ಕ? ಕೊನೆಗೆ ಅವರು ನೋಡಿದ್ದಾಗಿಬಿಡುತ್ತೆ."

ಅಲ್ಲಿಗೆ ಮಾತು ಮುಗಿಯಿತು.

ಮನೆಯಲ್ಲಿ ಇಂಗ್ಲಿಷಿಗೆ ಬರವಿರಲಿಲ್ಲ. ಅವಳ ಅತ್ತೆ ಮೂವತ್ತನಾಲ್ಕು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ತೊಂದರೆಯಿದ್ದದ್ದು ಬೇರೆಡೆ. ಮದುವೆ ಗೊತ್ತಾದ ಹೊಸತರಲ್ಲಿ ಬೂಷ್ಟಕ್ಕ ಒಳ್ಳೆಯ ಹೆಸರು ತೆಗೆದುಕೊಳ್ಳುವ ಹುರುಪಿನಲ್ಲಿ ಭಾವೀ ಅತ್ತೆಗೆ ಇಂಗ್ಲಿಷಿನಲ್ಲೊಂದು ಪತ್ರ ಬರೆದಿದ್ದಳು. ವಾರದೊಳಗೆ ಉತ್ತರ ಬಂತು. ಉತ್ತರವೆಂದರೆ ಅದೇ ಪತ್ರ. ಕೆಂಪು ಶಾಯಿಯಲ್ಲಿ ಹದಿನಾರು ತಪ್ಪು ತಿದ್ದಿ, ಕೆಳಗೆ "ಭಾವನೆ ಚೆನ್ನಾಗಿದೆ" ಎಂದು ಷರಾ ಹಾಕಲಾಗಿತ್ತು. ಅತ್ತೆಯ ಲೆಕ್ಕದಲ್ಲಿ ಅದು ಅಕ್ಕರೆ. ಸೊಸೆಯ ಮುಖ ಮಾತ್ರ ಆ ಶಾಯಿಗಿಂತ ಕೆಂಪಾಗಿತ್ತು. ಅಂದಿನಿಂದ ಅವಳು ಅತ್ತೆಯ ಕಣ್ಣೆದುರು ಇಂಗ್ಲಿಷಿನಲ್ಲಿ ಸಾಮಾನಿನ ಚೀಟಿಯನ್ನೂ ಬರೆದವಳಲ್ಲ. ಇಬ್ಬರೂ ಜಗಳವಾಡಿದ್ದಿಲ್ಲ, ಒಲೆ, ನೀರು, ಮಾತ್ರೆ, ಕರೆಂಟು ಇಷ್ಟರ ಬಗ್ಗೆ ಮಾತಾಡಿಕೊಂಡು ವರ್ಷಗಳನ್ನು ತಳ್ಳಿದ್ದರು.

ಅವಳ ಗಂಡ ಲಿಫ್ಟ್ ರಿಪೇರಿಯವನು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರನ್ನು ಹೊರಗೆಳೆಯುವುದು ಅವನ ಕಸುಬು. ಹೆಂಡತಿ ಮೂರು ದಿನ ಮುಖ ಊದಿಸಿಕೊಂಡು ಓಡಾಡಿದ್ದನ್ನು ನೋಡಿ ಊಟದ ಹೊತ್ತಿಗೆ ತಾನೇ ಬಾಯಿಬಿಟ್ಟ. "ಅಮ್ಮ, ಇವಳಿಗೆ ಆಫೀಸಲ್ಲಿ ಇಂಗ್ಲಿಷ್ ಬರೀಬೇಕಂತೆ. ನಿನ್ನ ಕೇಳೋಕೆ ಹೆದರ್ಕೊಂಡಿದಾಳೆ."

ಬೂಷ್ಟಕ್ಕ ಮೇಜಿನ ಕೆಳಗೆ ಅವನ ಕಾಲು ತುಳಿದಳು. ಅತ್ತೆ ತಟ್ಟೆಯಿಂದ ತಲೆಯೆತ್ತದೆ ಹೇಳಿದರು: "ನಾಳೆ ಸಂಜೆ ಆರಕ್ಕೆ. ಗೆರೆ ಹಾಕಿದ ನೋಟ್‌ಬುಕ್ ತಾ."

ಮರುದಿನ ಅವಳು ಬರೆದು ತಂದ ಮೊದಲ ವಾಕ್ಯ, ಮೈಕ್ರೋಬ್ ಈಸ್ ಎ ಸ್ಮಾಲ್ ಅನಿಮಲ್. ಅತ್ತೆ ಓದಿ ಕನ್ನಡಕ ಸರಿಮಾಡಿಕೊಂಡರು.

"ಪ್ರಾಣೀನಾ ಅದು?"

"ಅಲ್ಲ ಅತ್ತೆ."

"ಗಿಡಾನಾ?"

"ಅದೂ ಅಲ್ಲ."

"ಮತ್ತೆ ಅನಿಮಲ್ ಅಂತ ಯಾಕೆ ಬರೆದೆ?"

"ಬೇರೆ ಪದ ಹೊಳೀಲಿಲ್ಲ."

"ಹೊಳೀದೇ ಇದ್ರೆ ಜಾಗ ಖಾಲಿ ಬಿಡು. ಸುಳ್ಳು ತುಂಬಬೇಡ." ಹಾಗೆಂದು ಅವರು ಪೆನ್ಸಿಲ್ ತೆಗೆದುಕೊಂಡರು. ಕೆಂಪು ಪೆನ್ನಲ್ಲ, ಪೆನ್ಸಿಲ್. "ಡೆಫಿನಿಷನ್ ಬರೆಯುವಾಗ ಮೊದಲು ಇದು ಯಾವ ಕುಲದ್ದು ಅಂತ ಹೇಳಬೇಕು. ಆಮೇಲೆ ಆ ಕುಲದ ಬಾಕಿಯವರಿಂದ ಇದನ್ನ ಬೇರೆ ಮಾಡೋದು ಏನು ಅಂತ. ಒಳಗಿರಬೇಕಾದ್ದೆಲ್ಲ ಒಳಗಿರಬೇಕು, ಹೊರಗಿನದು ಒಂದೂ ನುಸುಳಬಾರದು. ಕುಲ ಯಾವುದು?"

"ಜೀವ ಇರೋದು."

"ಸರಿ. ಜೀವ ನನಗೂ ಇದೆ. ನನಗೂ ಅದಕ್ಕೂ ಏನು ವ್ಯತ್ಯಾಸ?"

"ಬರಿಗಣ್ಣಿಗೆ ಕಾಣಲ್ಲ."

ಅತ್ತೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಈಗ ನನಗೆ ಗೋಡೆ ಮೇಲಿನ ಗಡಿಯಾರ ಕಾಣ್ತಿಲ್ಲ. ಗಡಿಯಾರ ಮೈಕ್ರೋಬಾ?"

ಪಕ್ಕದ ಕೋಣೆಯಿಂದ ಗಂಡನ ನಗು ಕೇಳಿತು. ಬೂಷ್ಟಕ್ಕನಿಗೆ ನಗು ಬರಲಿಲ್ಲ. ಕೆಲಸದ ಮಾತಿನಲ್ಲಿ ಸೋಲುವುದು ಅವಳಿಗೆ ಅಭ್ಯಾಸವಿರಲಿಲ್ಲ. "ಮಿಲಿಮೀಟರನ್ನ ಸಾವಿರ ಭಾಗ ಮಾಡಿದ್ರೆ ಅದರಲ್ಲಿ ಒಂದೆರಡು ಭಾಗ ಉದ್ದ ಇರುತ್ತೆ ಬ್ಯಾಕ್ಟೀರಿಯಾ. ಎಂಥ ಕಣ್ಣಿದ್ದೋರಿಗೂ ಕಾಣಲ್ಲ."

"ಹಾಗೆ ಹೇಳು ಮತ್ತೆ. ಆದ್ರೆ ತಟ್ಟೇಲಿ ನೋಡ್ತೀನಿ ಅಂತೀಯಲ್ಲ ದಿನಾ?"

"ಅದು ಒಂದಲ್ಲ, ಕೋಟಿಗಟ್ಟಲೆ ಒಂದೇ ಕಡೆ ಗುಂಪು ಕೂತಿರುತ್ತೆ. ಒಂದೊಂದಾಗಿ ಕಾಣಲ್ಲ."

"ಆ 'ಒಂದೊಂದಾಗಿ' ಅನ್ನೋದು ಎಲ್ಲಿದೆ ನಿನ್ನ ವಾಕ್ಯದಲ್ಲಿ? ಸೇರಿಸು."

ಹೀಗೆ ಒಂದು ವಾಕ್ಯಕ್ಕೆ ಮೂರು ಸಂಜೆ ಹಿಡಿಯಿತು. ವೈರಸ್ಸಿನ ಹತ್ತಿರ ಬಂದಾಗ ಗಾಡಿ ಮತ್ತೆ ನಿಂತಿತು. ಜೀವ ಇರುವುದು ಎಂದು ಬರೆದಾಗಿದೆ. ವೈರಸ್ಸಿಗೆ ಜೀವ ಇದೆಯೋ ಇಲ್ಲವೋ ಎಂದು ಓದಿದವರೇ ಇನ್ನೂ ಕಿತ್ತಾಡುತ್ತಿದ್ದಾರೆ ಎಂದಳು ಸೊಸೆ. "ಹಾಗಾದ್ರೆ ಕಿತ್ತಾಟ ಇದೆ ಅಂತಲೇ ಬರೆ. ನಿನ್ನ ಪುಟದಲ್ಲಿ ನೀನು ತೀರ್ಪು ಕೊಡಬೇಕಾಗಿಲ್ಲ" ಎಂದರು ಅತ್ತೆ.

ಒಂದು ಸಂಜೆ ಆಟ ತಿರುಗಿತು. ಅವಳು ಬರೆದಿದ್ದ "ಬ್ಯಾಕ್ಟೀರಿಯಾ ಆರ್" ಎಂಬುದನ್ನು ಅತ್ತೆ "ಈಸ್" ಎಂದು ತಿದ್ದಿದರು.

"ಅತ್ತೆ, ಅದು ಬಹುವಚನ. ಒಂದೇ ಇದ್ರೆ ಬ್ಯಾಕ್ಟೀರಿಯಂ."

"ಯಾರು ಹೇಳಿದ್ದು?"

"ಹತ್ತೊಂಬತ್ತು ವರ್ಷದಿಂದ ಪೊಟ್ಟಣಗಳ ಮೇಲೆ ಓದ್ತಿದೀನಿ."

ಅತ್ತೆ ಎದ್ದು ಹೋಗಿ ದಪ್ಪ ನಿಘಂಟು ತಂದರು. ಪುಟ ತಿರುವಿದರು, ಬೆರಳಿಟ್ಟು ಓದಿದರು, ಇನ್ನೊಮ್ಮೆ ಓದಿದರು. ನಿಘಂಟು ಮುಚ್ಚಿ ಎರಡು ಲೋಟ ಚಹಾ ಮಾಡಿಕೊಂಡು ಬಂದರು. "ಮೂವತ್ತನಾಲ್ಕು ವರ್ಷ ತಪ್ಪು ಹೇಳಿಕೊಟ್ಟಿದೀನಿ. ಎಷ್ಟು ಸಾವಿರ ಮಕ್ಕಳೋ!" ಎಂದು ಒಂದು ಗುಟುಕು ಕುಡಿದು, "ಮುಂದಿನ ವಾಕ್ಯ ಓದು" ಎಂದರು. ಆ ದಿನದಿಂದ ಪೆನ್ಸಿಲ್ ಮೇಜಿನ ನಡುವೆ ಉಳಿಯಿತು; ಯಾರಿಗೆ ಬೇಕೋ ಅವರು ತೆಗೆದುಕೊಳ್ಳುತ್ತಿದ್ದರು.

ವ್ಯಾಖ್ಯೆ ಮುಗಿದ ಮೇಲೆ ವರ್ಣನೆ. ಇದು ಸಲೀಸು ಎಂದುಕೊಂಡಿದ್ದಳು ಬೂಷ್ಟಕ್ಕ. ಪುಸ್ತಕಗಳಲ್ಲಿದ್ದ ಮಾತುಗಳು ಬಾಯಿಪಾಠವಾಗಿದ್ದವು: ದ್ರಾಕ್ಷಿ ಗೊಂಚಲಿನಂತೆ, ಸರಪಳಿಯಂತೆ. ಅತ್ತೆ ಕೇಳಿದರು, "ನೀನು ಗೊಂಚಲು ಕಂಡ್ಯಾ?"

"ಇವತ್ತಿನದರಲ್ಲಿ ಗೊಂಚಲಿರಲಿಲ್ಲ. ಎರಡೆರಡು, ಮೂರು ಮೂರು ಒಟ್ಟಿಗಿದ್ವು. ಆದ್ರೆ ಹೆಸರು ಅದೇ ಅಲ್ವಾ, ಅದಕ್ಕೆ ಹಾಗೇ ಬರೆದೆ."

"ಹೆಸರು ಮೊದಲು ಗೊತ್ತಾಗಿ ಆಮೇಲೆ ಕಂಡದ್ದನ್ನ ಬರೆದ್ರೆ ಹೀಗೇ ಆಗೋದು." ಅವರು ಪುಟದ ನಡುವೆ ಉದ್ದ ಗೆರೆ ಎಳೆದರು. "ಈ ಕಡೆ ಕಂಡದ್ದು ಬರಿ. ಆ ಕಡೆ ಅಂದುಕೊಂಡದ್ದು. ಒಂದರದು ಇನ್ನೊಂದರ ಮನೆಗೆ ಹೋಗಬಾರದು."

ಗೆರೆ ಬಿದ್ದ ಮೇಲೆ ಅವಳ ಪದಗಳಲ್ಲಿ ಅರ್ಧಕ್ಕರ್ಧ ಆಚೆ ಹೋದವು. 'ನಾರ್ಮಲ್' ಆಚೆಗೆ ಹೋಯಿತು. 'ಸಾಮಾನ್ಯವಾಗಿ' ಎಂಬುದೂ ಹೋಯಿತು. 'ಕಂಟಾಮಿನೆಂಟ್' ಬಂದಾಗ ಅವಳು ತಡೆದಳು.

"ಇದು ಕಂಡದ್ದೇ ಅತ್ತೆ. ನೋಡಿದ ತಕ್ಷಣ ಗೊತ್ತಾಗುತ್ತೆ."

"ಏನು ನೋಡಿ ಗೊತ್ತಾಗುತ್ತೆ?"

"ಬಣ್ಣ ಸರಿಯಾಗಿ ಹಿಡಿದಿರಲ್ಲ, ಬೆಳೆದಿದ್ದೂ ಸ್ವಲ್ಪ, ಅದೂ ತಡವಾಗಿ..."

"ಅದು ಕಂಡದ್ದು. ಕಸ ಅನ್ನೋದು ತೀರ್ಮಾನ." ಅತ್ತೆ ಪದವನ್ನು ಗೆರೆಯಾಚೆ ಬರೆದರು.

ಹೊಸ ತಿಂಗಳು ಶುರುವಾಗಿ ಹನ್ನೆರಡು ದಿನವಾಗಿತ್ತು. ಒಬ್ಬ ದರ್ಜಿಯ ಮಾದರಿ ಬಂತು. ಪೊರೆ ತೆಗೆಸಿಕೊಂಡು ಮೂರು ವಾರವಾದರೂ ಕಣ್ಣಿನ ಕೆಂಪು ಇಳಿದಿರಲಿಲ್ಲ. ಸೂಜಿಗೆ ದಾರ ಪೋಣಿಸುವುದಿರಲಿ, ಸೂಜಿಯೇ ಕಾಣುತ್ತಿಲ್ಲ ಎಂದು ಗೋಳಾಡಿದನಂತೆ. ಮೂರು ದಿನ ತಟ್ಟೆಯಲ್ಲಿ ಏನೂ ಇರಲಿಲ್ಲ. ನಾಲ್ಕನೆಯ ಬೆಳಿಗ್ಗೆ ಗುಂಡುಸೂಜಿಯ ಮೊನೆಯಷ್ಟು ಚುಕ್ಕೆಗಳು ಐದಾರು ಮೂಡಿದ್ದವು. ಬೂಷ್ಟಕ್ಕ ತಂತಿಯಿಂದ ಒಂದನ್ನು ಎತ್ತಿದಳು. ಅದು ಒಣಗಿದ ಗಂಜಿಯಂತೆ ಪುಡಿಯಾಗಿ ಎದ್ದಿತು. ಗಾಜಿನ ಪಟ್ಟಿಗೆ ಸವರಿ, ಬಣ್ಣ ಹಾಕಿ ನೋಡಿದಳು. ಕೈ ತಾನಾಗಿಯೇ ಹಳೆಯ ಪದ ಬರೆಯಲು ಹೊರಟಿತು.

ಆದರೆ ಈಗ ಒಂದು ಪದ ಸಾಲದು. ಪುಟದ ಎಡಭಾಗ ಖಾಲಿ ಬಿದ್ದಿತ್ತು, ಅದನ್ನು ತುಂಬಬೇಕು. ತುಂಬಬೇಕೆಂದರೆ ಮತ್ತೆ ನೋಡಬೇಕು. ಅವಳು ಕುರ್ಚಿ ಎಳೆದುಕೊಂಡು ಮತ್ತೆ ನೋಡಿದಳು. ಮೊದಲ ದಿನ ನೇರವಾಗಿ ಕಣ್ಣಿನ ಮಾದರಿಯಿಂದಲೇ ಮಾಡಿದ್ದ ಪಟ್ಟಿಯನ್ನೂ ಡಬ್ಬಿಯಿಂದ ತೆಗೆದು ನೋಡಿದಳು. ಮುಕ್ಕಾಲು ಗಂಟೆ ಹಿಡಿದು ಇಂಗ್ಲಿಷಿನಲ್ಲಿ ಬರೆದದ್ದು ಇಷ್ಟು: ತೆಳ್ಳನೆಯ ಕಡ್ಡಿಗಳಿವೆ. ಬಣ್ಣ ಪೂರ್ತಿ ಹಿಡಿದಿಲ್ಲ. ಕೆಲವುಗಳಲ್ಲಿ ಬಣ್ಣ ದಾರಕ್ಕೆ ಬಿಡಿಬಿಡಿಯಾಗಿ ಪೋಣಿಸಿದ ಮಣಿಗಳ ಹಾಗೆ ಕೂತಿದೆ, ನಡುವೆ ಜಾಗ ಬಿಟ್ಟು. ಕೆಲವಕ್ಕೆ ಬಣ್ಣವೇ ಇಲ್ಲ. ಸುತ್ತಲಿನದೆಲ್ಲ ಗುಲಾಬಿಯಾಗಿದೆ, ಅವು ಇರುವಲ್ಲಿ ಮಾತ್ರ ಬಿಳಿ ಗೆರೆ ಉಳಿದಿದೆ. ತಟ್ಟೆಯಲ್ಲಿ ನಾಲ್ಕನೆಯ ದಿನ ಬೆಳೆದಿದೆ. ಒಣಗಿದೆ, ಪುಡಿಯಾಗಿ ಏಳುತ್ತದೆ.

ಗೆರೆಯಾಚೆ ಬರೆದಳು: ಹಿಂದಿನ ತಿಂಗಳಾಗಿದ್ದರೆ ಕಂಟಾಮಿನೆಂಟ್ ಎನ್ನುತ್ತಿದ್ದೆ. ಈಗ ಗೊತ್ತಿಲ್ಲ.

ದೊಡ್ಡ ಡಾಕ್ಟರು ಆ ಹಾಳೆಯನ್ನು ನಿಂತೇ ಓದತೊಡಗಿದವರು ಕೂತರು. "ಬಿಳಿ ಗೆರೆ ಅಂತ ಬರೆದಿದೀರಲ್ಲ, ತೋರಿಸಿ."

ತೋರಿಸಿದಳು. ಡಾಕ್ಟರು ಬಹಳ ಹೊತ್ತು ನೋಡಿದರು. ಆಮೇಲೆ ಇನ್ನೊಂದು ಬಗೆಯ ಬಣ್ಣ ಹಾಕಲು ಹೇಳಿದರು, ಕ್ಷಯದ ಬ್ಯಾಕ್ಟೀರಿಯಾಗಳನ್ನು ಹುಡುಕಲು ಬಳಸುವಂಥದ್ದು. ಅರ್ಧ ಗಂಟೆಯಲ್ಲಿ ನೀಲಿ ಹಿನ್ನೆಲೆಯ ಮೇಲೆ ಕಡ್ಡಿಗಳು ಕೆಂಪಗೆ ಎದ್ದು ನಿಂತವು.

"ಇದು ಕ್ಷಯದ ಜಾತಿಯದೇ, ಆದ್ರೆ ಕ್ಷಯ ತರೋದಲ್ಲ. ನೀರಲ್ಲಿ ಬದುಕೋದು" ಎಂದರು ಡಾಕ್ಟರು. "ಹೊರಗಿನ ಲ್ಯಾಬಿಗೆ ಈಗಲೇ ಕಳಿಸೋಣ. ನೀರಿನದು ಕಣ್ಣಿಗೆ ಬಂದಿದೆ ಅಂದ್ರೆ ಆಪರೇಷನ್ ಕೋಣೇಲಿ ಎಲ್ಲೋ ನೀರು ಕೆಟ್ಟಿದೆ." ಅವರು ಫೋನಿಗೆ ಕೈ ಹಾಕಿ, ಹಾಗೆಯೇ ತಿರುಗಿದರು. "ಅಕ್ಕ, ಇಂಥದ್ದನ್ನ ಇದಕ್ಕೆ ಮುಂಚೆ ನೋಡಿದ್ರಾ?"

ಬೂಷ್ಟಕ್ಕ ನೋಡಿದ್ದಳು. ಒಣಗಿದ ಗಂಜಿಯಂತೆ ಪುಡಿಯಾಗಿ ಏಳುವ ಚುಕ್ಕೆಯ ಮೇಲೆ ಆ ದಿನ ಕಿರಿಕಿರಿಪಟ್ಟದ್ದೂ ನೆನಪಿತ್ತು. ಡಾಕ್ಟರು ರಿಜಿಸ್ಟರ್ ತೆಗೆದು ಹಿಂದಿನ ತಿಂಗಳ ಪುಟಗಳನ್ನು ತಿರುವಿದರು. ಕಂಟಾಮಿನೆಂಟ್ ಎಂದು ಹದಿನಾಲ್ಕು ಕಡೆ ಇತ್ತು, ಹದಿನಾಲ್ಕೂ ಒಂದೇ ದುಂಡು ಅಕ್ಷರದಲ್ಲಿ. ಅವುಗಳಲ್ಲಿ ಯಾವುದು ಕಸ, ಯಾವುದು ಇದು ಎಂದು ಆ ಪದ ಹೇಳುತ್ತಿರಲಿಲ್ಲ. ಹೇಳಬಲ್ಲವಳು ಲೋಕದಲ್ಲಿ ಒಬ್ಬಳೇ, ಅವಳು ಸುಮ್ಮನಿದ್ದರೆ ಯಾರೂ ಕಂಡುಹಿಡಿಯುವಂತಿರಲಿಲ್ಲ. ಆ ಯೋಚನೆ ಬಂದದ್ದು ನಿಜ. ಬಂದು ಎಷ್ಟು ಹೊತ್ತು ನಿಂತಿತೆಂದು ಅವಳು ಆಮೇಲೆ ಲೆಕ್ಕ ಹಾಕಲು ಹೋಗಲಿಲ್ಲ.

"ಒಂಬತ್ತನೇ ತಾರೀಖಿಂದು" ಎಂದಳು. "ತಟ್ಟೆ ಎಸೆದೆ."

ಒಂಬತ್ತನೆಯ ತಾರೀಖಿನ ಮಾದರಿ ಒಬ್ಬ ಬೇಕರಿಯವನದು. ಅದೇ ಕೋಣೆಯಲ್ಲಿ ಆಪರೇಷನ್ ಆದವನು. ಮಾದರಿಯಲ್ಲಿ ಏನೂ ಇಲ್ಲವೆಂದಾದ ಮೇಲೆ ಅವನ ಡಾಕ್ಟರು ಊತ ಇಳಿಸುವ ಹನಿ ಬರೆದುಕೊಟ್ಟಿದ್ದರು. ಆ ಹನಿ ಸೋಂಕಿನೊಡನೆ ಹೋರಾಡುವ ಶಕ್ತಿಯನ್ನೂ ತಗ್ಗಿಸುತ್ತದೆ; ಈ ಬ್ಯಾಕ್ಟೀರಿಯಾಕ್ಕೆ ಹಾಸಿಗೆ ಹಾಸಿಕೊಟ್ಟ ಹಾಗೆ. ಅವತ್ತೇ ಫೋನು ಹೋಯಿತು, ಸಂಜೆಗೆ ಅವನು ಬಂದು ಭರ್ತಿಯಾದ. ಆಪರೇಷನ್ ಕೋಣೆಗೆ ಬೀಗ ಬಿತ್ತು. ಎರಡು ದಿನ ಹುಡುಕಿದ ಮೇಲೆ ಮೂಲ ಸಿಕ್ಕಿತು: ಶುದ್ಧಿ ಮಾಡಿದ ಉಪಕರಣಗಳನ್ನು ಕೊನೆಗೆ ಜಾಲಾಡುತ್ತಿದ್ದ ಚಿಕ್ಕ ಸ್ಟೀಲ್ ತೊಟ್ಟಿ. ಅದರ ನೀರು ಬರುವ ಕೊಳವೆಯೊಳಗೆ ಲೋಳೆ ಕಟ್ಟಿತ್ತು. ಹಿಂದಿನ ಮೂರು ತಿಂಗಳಲ್ಲಿ ಅಲ್ಲಿ ಆಪರೇಷನ್ ಆದವರನ್ನೆಲ್ಲ ಕರೆಸಿ ನೋಡಿದರು. ದರ್ಜಿ, ಬೇಕರಿಯವನು ಬಿಟ್ಟರೆ ಉಳಿದವರ ಕಣ್ಣು ಚೆನ್ನಾಗಿತ್ತು.

ಇಷ್ಟೆಲ್ಲ ಆದ ಮೇಲೆ ನಡೆದದ್ದನ್ನು ಬರೆದು ಕೊಡಿ ಎಂದು ಆಡಳಿತಾಧಿಕಾರಿ ಬೂಷ್ಟಕ್ಕನನ್ನು ಕರೆದರು. ಕೆಟ್ಟ ಮನುಷ್ಯರಲ್ಲ. ಬಾಗಿಲು ಮುಂದೆ ಮಾಡಿ, ಕೂರಿಸಿ, ನೀರು ಕೊಟ್ಟು ಮೆಲ್ಲಗೆ ಹೇಳಿದರು. "ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಇಂಗ್ಲಿಷಲ್ಲಿ ಒಂದು ಅನುಕೂಲ ಇದೆ. 'ಮಾದರಿಯನ್ನು ಕಂಟಾಮಿನೆಂಟ್ ಎಂದು ಪರಿಗಣಿಸಲಾಯಿತು, ತಟ್ಟೆಯನ್ನು ವಿಲೇವಾರಿ ಮಾಡಲಾಯಿತು.' ಇದರಲ್ಲಿ ಸುಳ್ಳೇನಾದ್ರೂ ಇದೆಯಾ? ಇಲ್ಲ. ಎಲ್ಲರೂ ಹೀಗೇ ಬರೆಯೋದು. ಹೀಗೆ ಬರೆದ್ರೆ ಯಾರ ತಲೆಗೂ ಬರಲ್ಲ."

ಅವಳು ಆ ಸಂಜೆ ನೋಟ್‌ಬುಕ್ಕಿನಲ್ಲಿ ವರದಿಯನ್ನು ಬರೆದು ಅತ್ತೆಯ ಮುಂದಿಟ್ಟಳು. ಐ ಸಾ ದಿ ಗ್ರೋತ್. ಐ ಡಿಡ್ ನಾಟ್ ಡಿಸ್ಕ್ರೈಬ್ ಇಟ್. ಐ ರೋಟ್ ಒನ್ ವರ್ಡ್ ಅಂಡ್ ಥ್ರೂ ದಿ ಪ್ಲೇಟ್ ಅವೇ. ಅಧಿಕಾರಿ ಹೇಳಿದ್ದನ್ನೂ ತಿಳಿಸಿದಳು.

ಅತ್ತೆ ಓದಿದರು. ವ್ಯಾಕರಣದಲ್ಲಿ ಹೇಳುವಂಥದ್ದೇನೂ ಇರಲಿಲ್ಲ. ಅವರು ಪೆನ್ಸಿಲನ್ನು ಬೆರಳುಗಳ ನಡುವೆ ಹೊರಳಿಸುತ್ತ ಕೂತರು.

"ಪ್ಯಾಸಿವ್ ವಾಯ್ಸ್ ಕೆಟ್ಟದ್ದೇನಲ್ಲ" ಎಂದರು ಕೊನೆಗೆ. "ವಿಜ್ಞಾನದ ಬರವಣಿಗೆಯಲ್ಲಿ ಅದೇ ವಾಡಿಕೆ."

"ನೀವು ಅದನ್ನ ಯಾವಾಗ ಬಳಸು ಅಂತ ಹೇಳಿಕೊಡ್ತಿದ್ರಿ ಅತ್ತೆ, ಶಾಲೇಲಿ?"

"ಮಾಡಿದೋರು ಯಾರು ಅಂತ ಗೊತ್ತಿಲ್ಲದಾಗ. ಇಲ್ಲಾ, ಯಾರು ಮಾಡಿದ್ರು ಅನ್ನೋದು ಮುಖ್ಯ ಅಲ್ಲದಾಗ."

"ಇಲ್ಲಿ ಎರಡೂ ಇಲ್ವಲ್ಲ."

"ಈ ಒಂದು ಸಲ ಹಾಗೇ ಇರಲಿ ಬಿಡೇ!" ಅತ್ತೆಯ ದನಿ ಏರಿತು. ಅಡುಗೆಮನೆಯಲ್ಲಿದ್ದ ಗಂಡ ಬಾಗಿಲಿಗೆ ಬಂದು ನಿಂತ. "ಕೆಲಸ ಹೋದ್ರೆ? ಹತ್ತೊಂಬತ್ತು ವರ್ಷ ಸರಿಯಾಗಿ ನೋಡಿದ್ದನ್ನ ಯಾರಾದ್ರೂ ಎಲ್ಲಾದ್ರೂ ಬರೆದಿಟ್ಟಿದಾರಾ? ಒಂದು ತಪ್ಪನ್ನ ಮಾತ್ರ ನೀನೇ ಕೈಯಾರೆ ಬರೆದು ಕೊಡಬೇಕಾ? ನಾನು ತಿದ್ದಿಕೊಡ್ತೀನಿ, ಕೊಡು ಇಲ್ಲಿ."

ತನಗಾಗಿ ಅತ್ತೆ ತಪ್ಪು ದಾರಿ ಹಿಡಿಯಲು ತಯಾರಾದದ್ದನ್ನು ಬೂಷ್ಟಕ್ಕ ಕಂಡದ್ದು ಅದೇ ಮೊದಲು. ಆದರೂ ನೋಟ್‌ಬುಕ್ಕನ್ನು ತನ್ನ ಕಡೆಗೆ ಎಳೆದುಕೊಂಡಳು.

"ಎಸೆಯಲಾಯಿತು ಅಂತ ಬರೆದ್ರೆ, ನಾಳೆ ಓದೋರಿಗೆ ಯಾಕೆ ಎಸೆದ್ರು ಅಂತ ಕೇಳೋಕೆ ಯಾರೂ ಸಿಗಲ್ಲ ಅತ್ತೆ. ನಾನು ಎಸೆದೆ ಅಂದ್ರೆ ನನ್ನ ಕೇಳ್ತಾರೆ. ಕೇಳಿದ್ರೆ ಹೇಳ್ತೀನಿ, ಒಂದೇ ಪದ ಬರೆಯೋ ಪದ್ಧತಿ ಇತ್ತು, ಅದಕ್ಕೆ ಎರಡನೇ ಸಲ ನೋಡಲಿಲ್ಲ ಅಂತ. ಅದು ಅವರಿಗೆ ಗೊತ್ತಾಗಬೇಕಲ್ಲ."

ಅತ್ತೆ ಎದ್ದು ಹೋಗಿ ಬಟ್ಟೆ ಮಡಚತೊಡಗಿದರು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದರು. "ಕಂಬದ ಥರ ಅಲ್ಲೇ ನಿಂತ್ಕೋಬೇಡ, ಅವಳಿಗೆ ಒಳ್ಳೆ ಪೆನ್ನು ಹುಡುಕಿಕೊಡು" ಎಂದು ಮಗನ ಮೇಲೆ ರೇಗಿದರು.

ವರದಿ ಅವಳು ಬರೆದಂತೆಯೇ ಹೋಯಿತು. ಮೂವರ ಸಮಿತಿ ಕೂತು ಒಂದೂವರೆ ಗಂಟೆ ಪ್ರಶ್ನೆ ಕೇಳಿತು. ಕೆಲಸ ಹೋಗಲಿಲ್ಲ. ಆರು ತಿಂಗಳು ವರದಿಗೆ ಒಬ್ಬಳೇ ಸಹಿ ಹಾಕುವಂತಿಲ್ಲ, ಇನ್ನೊಬ್ಬರೂ ನೋಡಿ ಹಾಕಬೇಕು ಎಂದಾಯಿತು. ಜೊತೆಗೆ ಸಹಿ ಹಾಕಲು ಬಂದವಳು ಅವಳೇ ಕೆಲಸ ಕಲಿಸಿದ್ದ ಹುಡುಗಿ. ಮೊದಲ ವಾರ ಅವಳಿಗೆ ಇವಳ ಮುಖ ನೋಡಲು ಸಂಕೋಚ, ಇವಳಿಗೆ ಅವಳ ಕೈಗೆ ಹಾಳೆ ಕೊಡಲು ಸಂಕೋಚ. ಕಂಟಾಮಿನೆಂಟ್ ಎಂದು ಬರೆಯುವ ಮುನ್ನ ಕನಿಷ್ಠ ಮೂರು ವಾಕ್ಯದ ವರ್ಣನೆ ಇರಲೇಬೇಕೆಂಬ ನಿಯಮ ಎಲ್ಲರಿಗೂ ಬಂತು. ಬೇರೆ ಟೆಕ್ನಿಷಿಯನ್ನರು ಕೆಲವರು ಗೊಣಗಿದರು, ಬೂಷ್ಟಕ್ಕ ತಾನೂ ಹಾಳಾಗಿ ನಮಗೂ ಕೆಲಸ ಹಚ್ಚಿದಳು ಎಂದು.

ದರ್ಜಿಯ ಕಣ್ಣು ಎರಡು ತಿಂಗಳಲ್ಲಿ ತಿಳಿಯಾಯಿತು. ಬೇಕರಿಯವನದು ಆಗಲಿಲ್ಲ. ಸೋಂಕು ನಿಂತಿತು, ಆದರೆ ಕಣ್ಣಿನ ನಡುವೆ ಬಿಳಿ ಕಲೆ ಉಳಿಯಿತು. ಎದುರಿಗೆ ಹಿಡಿದ ಬೆರಳುಗಳನ್ನು ಎಣಿಸುವಷ್ಟು ಮಾತ್ರ ಕಾಣುತ್ತಿತ್ತು. ಅವನು ಇನ್ನೂ ವಾರ್ಡಿನಲ್ಲಿದ್ದಾಗ ಬೂಷ್ಟಕ್ಕ ಡಾಕ್ಟರ ಒಪ್ಪಿಗೆ ಪಡೆದು ಅವನ ಹಾಸಿಗೆಯ ಹತ್ತಿರ ಹೋಗಿದ್ದಳು. ಐವತ್ತರ ಆಸುಪಾಸಿನ ದಪ್ಪ ತೋಳಿನ ಮನುಷ್ಯ. ತಾನು ಯಾರೆಂದು ಹೇಳಿದಳು, ಏನು ಮಾಡಿದೆನೆಂದು ಹೇಳಿದಳು.

ಅವನು ಸ್ವಲ್ಪ ಹೊತ್ತು ಹೊದಿಕೆಯ ಅಂಚು ತಿರುಚುತ್ತಿದ್ದ. "ಏನದು, ನನ್ನ ಕಣ್ಣಲ್ಲಿ ಹೊಕ್ಕಿದ್ದು? ಎಲ್ಲರೂ ಇಂಗ್ಲಿಷಲ್ಲಿ ಹೇಳ್ತಾರೆ, ಒಂದೂ ಅರ್ಥ ಆಗಲ್ಲ."

ಅವಳು ನೋಟ್‌ಬುಕ್ಕಿನ ವಾಕ್ಯವನ್ನು ನಮ್ಮ ಮಾತಿಗೆ ತಂದುಕೊಂಡು ಹೇಳಿದಳು. ಜೀವ ಇರುವಂಥದ್ದು. ಒಂದೊಂದಾಗಿ ಕಣ್ಣಿಗೆ ಕಾಣುವುದಿಲ್ಲ. ಸಣ್ಣ ಕಡ್ಡಿಯ ಹಾಗಿರುತ್ತದೆ. ನೀರಿನಲ್ಲಿ, ಮಣ್ಣಿನಲ್ಲಿ ತನ್ನ ಪಾಡಿಗೆ ಇರುತ್ತದೆ. ಮೈಮೇಲೆ ಮೇಣದಂಥ ಕವಚ, ಅದಕ್ಕೇ ಬಣ್ಣ ಹತ್ತುವುದಿಲ್ಲ, ಸಾಮಾನ್ಯ ಔಷಧಕ್ಕೂ ಬಗ್ಗುವುದಿಲ್ಲ.

"ನಮ್ಮ ಯೀಸ್ಟ್ ಥರಾನಾ?"

"ಯೀಸ್ಟೂ ಮೈಕ್ರೋಬೇ. ಆದ್ರೆ ಜಾತಿ ಬೇರೆ. ಇದಕ್ಕಿಂತ ಯೀಸ್ಟ್ ಎಷ್ಟೋ ದೊಡ್ಡದು."

"ನೀವು ಅವತ್ತೇ ಹೇಳಿದ್ರೆ ಕಣ್ಣು ಉಳೀತಿತ್ತಾ?"

"ಉಳೀತಿತ್ತು ಅಂತ ಖಂಡಿತವಾಗಿ ಹೇಳೋಕಾಗಲ್ಲ. ಉಳಿಯೋ ಸಾಧ್ಯತೆ ಈಗಿನದಕ್ಕಿಂತ ಜಾಸ್ತಿ ಇತ್ತು."

ಅವನು ಗೋಡೆಯ ಕಡೆಗೆ ಹೊರಳಿದ. ಅವಳು ಐದು ನಿಮಿಷ ನಿಂತಿದ್ದು ಹೊರಟು ಬಂದಳು. ಅಂದು ಸಂಜೆ ಪಾಠ ನಡೆಯಲಿಲ್ಲ. ಅತ್ತೆ ಏನಾಯಿತೆಂದು ಕೇಳಿದರು, ಇವಳು ಹೇಳಿದಳು.

ಕೈಪಿಡಿ ಅಚ್ಚಾಗಿ ಬಂತು. ಮೊದಲ ಪುಟದಲ್ಲಿ ಅವಳ ವಾಕ್ಯಗಳಿದ್ದವು, ವೈರಸ್ಸಿನ ಕಿತ್ತಾಟವೂ ಸೇರಿ. ಎರಡನೆಯ ಪುಟದಲ್ಲಿ, ನಡುವೆ ಗೆರೆ ಎಳೆದು, ದರ್ಜಿಯ ಮಾದರಿಯ ವರ್ಣನೆಯನ್ನು ದೊಡ್ಡ ಡಾಕ್ಟರು ಒಂದಕ್ಷರ ಬದಲಿಸದೆ ಹಾಕಿಸಿದ್ದರು. ಅತ್ತೆ ಕೈಪಿಡಿಯನ್ನೆಲ್ಲ ಓದಿ, ಬೇರೆಯವರು ಬರೆದ ಪುಟಗಳಲ್ಲಿ ನಲವತ್ತೊಂದು ತಪ್ಪು ಹುಡುಕಿ ಪಟ್ಟಿ ಮಾಡಿ ಕಳಿಸಿದರು.

ಬೇಕರಿಯವನು ತಿಂಗಳಿಗೊಮ್ಮೆ ತಪಾಸಣೆಗೆ ಬರುತ್ತಿದ್ದ. ಲ್ಯಾಬಿನ ಮುಂದಿನ ಬೆಂಚಿನಲ್ಲೇ ಕೂರಬೇಕು. ಕೂತರೂ ಒಳಗೆ ನೋಡುತ್ತಿರಲಿಲ್ಲ. ಬೂಷ್ಟಕ್ಕ ಕಿಟಕಿಯಿಂದ ಅವನನ್ನು ಕಂಡರೆ ಕೆಲಸ ನಿಲ್ಲಿಸುತ್ತಿದ್ದಳು, ಮತ್ತೆ ಮುಂದುವರಿಸುತ್ತಿದ್ದಳು. ಐದನೆಯ ಸಲ ಬಂದಾಗ ಅವನು ಎದ್ದು ಬಾಗಿಲಿಗೆ ಬಂದ.

"ಅದು ಇದೆಯಾ ನಿಮ್ಮ ಹತ್ರ? ನೋಡಬಹುದಾ?"

"ಸತ್ತದ್ದಿದೆ, ಗಾಜಿನ ಮೇಲೆ. ಬನ್ನಿ."

ಅವಳು ಪಟ್ಟಿ ತೆಗೆದು ಸೂಕ್ಷ್ಮದರ್ಶಕಕ್ಕೆ ಸಿಕ್ಕಿಸಿ, ಸರಿಮಾಡಿ, ಕುರ್ಚಿಯನ್ನು ಅವನ ಎತ್ತರಕ್ಕೆ ಇಳಿಸಿದಳು. ಅವನು ಚೆನ್ನಾಗಿರುವ ಕಣ್ಣನ್ನು ಕೊಳವೆಗೆ ಇಟ್ಟ. ಎಲ್ಲಿ, ಏನೂ ಇಲ್ಲವಲ್ಲ ಎಂದ. ನೀಲಿ ಕಾಣುತ್ತಿದೆಯಾ, ಅದರ ನಡುವೆ ಕೆಂಪು, ಒರಗಿಸಿಟ್ಟ ಸಣ್ಣ ಕಡ್ಡಿಗಳು, ಎಡಗಡೆ ಎರಡು ಒಂದರ ಮೇಲೊಂದು ಬಿದ್ದಿವೆ ನೋಡಿ ಎಂದು ಅವಳು ಪಕ್ಕದಲ್ಲಿ ನಿಂತು ಹೇಳಿದಳು.

"ಹಾಂ, ಸಿಕ್ಕಿತು" ಎಂದ. ಸುಮಾರು ಹೊತ್ತು ನೋಡಿದ. "ಇಷ್ಟೇನಾ?"

"ಇಷ್ಟೇ."

ಹೊರಗೆ ಅವನ ಸಂಖ್ಯೆ ಕೂಗಿದರು. ಅವನು ಕೇಳಿಸಿಕೊಂಡಂತೆ ಕಾಣಲಿಲ್ಲ. ಕೊಳವೆಯಿಂದ ಕಣ್ಣು ತೆಗೆಯದೆ, ಈ ಎರಡು ಅಡ್ಡ ಬಿದ್ದಿರುವುದರ ಪಕ್ಕದಲ್ಲಿರುವುದು ಸ್ವಲ್ಪ ಬಾಗಿದೆಯಲ್ಲ, ಅದು ಯಾಕೆ ಎಂದು ಕೇಳಿದ. ಗೊತ್ತಿಲ್ಲ ಎಂದಳು ಬೂಷ್ಟಕ್ಕ. ಎರಡನೆಯ ಸಲ ಸಂಖ್ಯೆ ಕೂಗಿದಾಗ ಅವಳೇ ಬಾಗಿಲಿಗೆ ಹೋಗಿ, ಒಂದು ನಿಮಿಷ, ಬರ್ತಿದಾರೆ ಎಂದು ಹೇಳಿದಳು.